ಹತ್ತು ದಿನ ಬದುಕಿದ ಆ ಕೋತಿಮರಿಯಲ್ಲಿ ಮನುಷ್ಯನ ಕೋಶ ಇತ್ತೇ?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಕಾಲೇಜೊಂದರಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಪ್ರಾಣಿಶಾಸ್ತ್ರ ಓದುತ್ತಿದ್ದೇನೆ. ಚೀನಾದಲ್ಲಿ ಸ್ಟೆಮ್ ಸೆಲ್ ಚುಚ್ಚಿ ಹುಟ್ಟಿಸಿದ ಕೋತಿಮರಿಯೊಂದರ ಚಿತ್ರ ನೋಡಿದೆ. ಅದರ ಕಣ್ಣು, ಬೆರಳ ತುದಿ ಹಸಿರಾಗಿ ಹೊಳೆಯುತ್ತಿದ್ದವು. ಹತ್ತೇ ದಿನಕ್ಕೆ ಸತ್ತಿತಂತೆ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಅದು ಅರ್ಧ ಮನುಷ್ಯ, ಅರ್ಧ ಕೋತಿ ಎಂದು ಬರೆದಿದ್ದರು. ಅಜ್ಜಿಗೆ ತೋರಿಸಿದರೆ, "ಹನುಮಪ್ಪನ ಕುಲಕ್ಕೆ ಹಿಂಗ್ ಮಾಡಬೋದಾ?" ಎಂದು ಬೇಸರ ಮಾಡಿಕೊಂಡರು. ಅಲ್ಲಿ ನಿಜವಾಗಿ ಮಾಡಿದ್ದೇನು? ಇಲಿಯಲ್ಲಿ ಮಾಡುವುದನ್ನು ಕೋತಿಯಲ್ಲಿ ಯಾಕೆ ಮಾಡಬೇಕು? ಇದು ಸರಿಯೇ? ನಮ್ಮ ದೇಶದಲ್ಲಿ ಇದಕ್ಕೆ ಕಾನೂನು ಇದೆಯೇ?

ಉತ್ತರ: ಮೊದಲು ವಾಟ್ಸಾಪ್ ಸುದ್ದಿಯನ್ನು ಬದಿಗೆ ಸರಿಸೋಣ. ನೀವು ಚಿತ್ರದಲ್ಲಿ ನೋಡಿದ ಮರಿಯಲ್ಲಿ ಮನುಷ್ಯನ ಒಂದೇ ಒಂದು ಕೋಶವೂ ಇರಲಿಲ್ಲ. ಅದು ತಲೆಯಿಂದ ಬಾಲದವರೆಗೆ ಕೋತಿಯೇ. ಆದರೆ ಒಂದು ಕೋತಿಯಲ್ಲ, ಎರಡು. ಒಂದೇ ಜಾತಿಯ ಎರಡು ಬೇರೆ ಬೇರೆ ಭ್ರೂಣಗಳಿಂದ ಬಂದ ಕೋಶಗಳು ಸೇರಿ ಆ ಒಂದು ದೇಹವಾಗಿತ್ತು. ಕೆಲಸ ನಡೆದದ್ದು ಶಾಂಘೈಯಲ್ಲಿ, ಚೀನಾ ವಿಜ್ಞಾನ ಅಕಾಡೆಮಿಯ ನರವಿಜ್ಞಾನ ಸಂಸ್ಥೆಯ ಝೆನ್ ಲಿಯು, ಚಿಯಾಂಗ್ ಸುನ್ ಮತ್ತು ಅವರ ಜೊತೆಗಾರರಿಂದ. 'ಸೆಲ್' ಪತ್ರಿಕೆಯಲ್ಲಿ 2023ರ ನವೆಂಬರ್‌ನಲ್ಲಿ ಪ್ರಕಟವಾಯಿತು. 2017ರ ಕೊನೆಯಲ್ಲಿ ಝೊಂಗ್ ಝೊಂಗ್, ಹುವಾ ಹುವಾ ಎಂಬ ತದ್ರೂಪಿ ಕೋತಿಮರಿಗಳನ್ನು ಹುಟ್ಟಿಸಿದ್ದೂ ಇದೇ ಸಂಸ್ಥೆ.

ಹಾಗಾದರೆ ಮನುಷ್ಯನ ಮಾತು ಎಲ್ಲಿಂದ ಬಂತು? ಅದು 2021ರ ಇನ್ನೊಂದು ಪ್ರಯೋಗ. ಅದರಲ್ಲಿ ಮನುಷ್ಯನ ಕೋಶಗಳನ್ನು ಕೋತಿಯ ಭ್ರೂಣಕ್ಕೆ ಸೇರಿಸಿದ್ದು ನಿಜ, ಆದರೆ ಎಲ್ಲವೂ ಗಾಜಿನ ತಟ್ಟೆಯಲ್ಲೇ ಶುರುವಾಗಿ ತಟ್ಟೆಯಲ್ಲೇ ಮುಗಿಯಿತು, ಯಾವ ಮರಿಯೂ ಹುಟ್ಟಲಿಲ್ಲ. ಎರಡು ಸುದ್ದಿಗಳನ್ನು ಯಾರೋ ಹೊಲಿದು ಒಂದು ಮಾಡಿದ್ದಾರೆ. ಆ ಪ್ರಯೋಗಕ್ಕೆ ಆಮೇಲೆ ಬರುತ್ತೇನೆ.

ಇಂಥ ಪ್ರಾಣಿಗೆ ಕೈಮೆರಾ ಎನ್ನುತ್ತೇವೆ. ಗ್ರೀಕರ ಕಥೆಯಲ್ಲಿ ಸಿಂಹದ ತಲೆ, ಆಡಿನ ಮೈ, ಹಾವಿನ ಬಾಲದ ಪ್ರಾಣಿಯ ಹೆಸರು ಅದು. ನಿಮ್ಮ ಜಿಲ್ಲೆಯ ಹಳೇಬೀಡಿಗೆ ಹೋದರೆ ಗುಡಿಯ ಅಡಿಪಟ್ಟಿಕೆಯಲ್ಲಿ ಸಾಲಾಗಿ ಮಕರಗಳಿವೆ: ಮೊಸಳೆಯ ಬಾಯಿ, ಆನೆಯ ಸೊಂಡಿಲು, ನವಿಲಿನ ಬಾಲ. ಲ್ಯಾಬಿನ ಕೈಮೆರಾ ಹೊರಗಿನಿಂದ ಹಾಗೆ ಕಾಣುವುದಿಲ್ಲ. ಬೆರಕೆ ಇರುವುದು ಕೋಶಗಳ ಮಟ್ಟದಲ್ಲಿ. ಹೇಸರಗತ್ತೆಯ ಜೊತೆ ಇದನ್ನು ಗೊಂದಲ ಮಾಡಿಕೊಳ್ಳುವವರು ಬಹಳ. ಹೇಸರಗತ್ತೆ ದೋಸೆ ಹಿಟ್ಟಿನ ಹಾಗೆ. ಅಕ್ಕಿ, ಉದ್ದು ರುಬ್ಬಿ ಒಂದಾಗಿವೆ, ಅದರ ಪ್ರತಿ ಕೋಶದಲ್ಲೂ ಅರ್ಧ ಕುದುರೆ, ಅರ್ಧ ಕತ್ತೆಯ ವರ್ಣತಂತುಗಳಿವೆ, ಬೇರ್ಪಡಿಸಲು ಬರುವುದಿಲ್ಲ. ಕೈಮೆರಾ ಕೋಸಂಬರಿಯ ಹಾಗೆ. ಹೆಸರುಬೇಳೆ ಹೆಸರುಬೇಳೆಯಾಗಿಯೇ, ಸೌತೆಕಾಯಿ ಸೌತೆಕಾಯಿಯಾಗಿಯೇ ಉಳಿದಿರುತ್ತದೆ. ಯಾವ ಕೋಶವನ್ನು ಹೆಕ್ಕಿ ತೆಗೆದರೂ ಅದು ಇವರದೋ ಅವರದೋ ಎಂದು ಹೇಳಬಹುದು.

ಪ್ರಕೃತಿಯಲ್ಲಿ ಇದು ಅಪರೂಪವೂ ಅಲ್ಲ. ಹಸುವಿಗೆ ಅವಳಿ ಕರು ಹುಟ್ಟಿ, ಒಂದು ಹೋರಿಗರು ಇನ್ನೊಂದು ಹೆಣ್ಣುಗರು ಆದರೆ, ಹತ್ತರಲ್ಲಿ ಒಂಬತ್ತು ಸಲ ಆ ಹೆಣ್ಣುಗರು ಮುಂದೆ ಗಬ್ಬ ಕಟ್ಟುವುದಿಲ್ಲ. ಹೊಟ್ಟೆಯೊಳಗೆ ಎರಡರ ಮಾಸುಗಳ ರಕ್ತನಾಳ ಕೂಡಿಕೊಂಡು, ಗಂಡಿನ ಹಾರ್ಮೋನೂ ರಕ್ತಕೋಶಗಳೂ ಹೆಣ್ಣಿಗೆ ಹರಿದಿರುತ್ತವೆ. ಇಂಥ ಅವಳಿ ದನಗಳ ಮೈಯಲ್ಲಿ ಎರಡು ಬಗೆಯ ರಕ್ತಕೋಶಗಳು ಜೀವನವಿಡೀ ಜೊತೆಗಿರುತ್ತವೆ ಎಂದು ರೇ ಓವೆನ್ 1945ರಲ್ಲೇ ತೋರಿಸಿದ್ದರು. ದಕ್ಷಿಣ ಅಮೆರಿಕದ ಮಾರ್ಮೊಸೆಟ್ ಎಂಬ ಪುಟ್ಟ ಕೋತಿಗಳು ಸಾಮಾನ್ಯವಾಗಿ ಅವಳಿಯನ್ನೇ ಹೆರುತ್ತವೆ, ಆ ಅವಳಿಗಳ ರಕ್ತದಲ್ಲಿ ಪರಸ್ಪರರ ಕೋಶ ಇರುವುದೇ ರೂಢಿ. ಇನ್ನು ನಮ್ಮ ತಾಯಂದಿರು: ಗಂಡುಮಗು ಹೆತ್ತು 27 ವರ್ಷವಾದ ತಾಯಿಯ ರಕ್ತದಲ್ಲೂ ಆ ಮಗುವಿನ ಕೋಶಗಳು ಸಿಕ್ಕಿದ್ದನ್ನು ಡಯಾನಾ ಬಿಯಾಂಕಿ ತಂಡ 1996ರಲ್ಲಿ ವರದಿ ಮಾಡಿತು. ಆದ್ದರಿಂದ ಕೈಮೆರಾ ಎಂಬ ಪದ ಕೇಳಿದೊಡನೆ ಹೆದರಬೇಕಿಲ್ಲ. ಯಾರ ಕೋಶ, ಯಾರ ದೇಹದಲ್ಲಿ, ಎಷ್ಟು, ಯಾವ ಅಂಗದಲ್ಲಿ ಎಂದು ಕೇಳಬೇಕು.

ಈಗ ಸ್ಟೆಮ್ ಸೆಲ್‌ಗೆ ಬರೋಣ. ನಮ್ಮ ಪಠ್ಯಗಳಲ್ಲಿ ಇದಕ್ಕೆ ಕಾಂಡಕೋಶ, ಆಕರಕೋಶ ಎಂದೆಲ್ಲ ಹೆಸರಿದೆ. ಗರ್ಭ ಕಟ್ಟಿದ ಮೊದಲ ವಾರದಲ್ಲಿ ಭ್ರೂಣವೆಂದರೆ ನೀರು ತುಂಬಿದ ಒಂದು ಪುಟ್ಟ ಗುಳ್ಳೆ, ಬ್ಲಾಸ್ಟೊಸಿಸ್ಟ್. ಗುಳ್ಳೆಯ ಗೋಡೆ ಮುಂದೆ ಮಾಸು ಆಗುತ್ತದೆ. ಒಳಗೆ ಒಂದು ಬದಿಗೆ ಅಂಟಿಕೊಂಡಿರುವ ಕೋಶಗಳ ಸಣ್ಣ ಗಂಟಿನಿಂದ ಇಡೀ ಮೈ ಬೆಳೆಯುತ್ತದೆ. ಆ ಗಂಟನ್ನು ಬಿಡಿಸಿ ತಟ್ಟೆಯಲ್ಲಿ ಸಾಕಿದರೆ, ಸರಿಯಾದ ಊಟ ಸಿಗುತ್ತಿರುವಷ್ಟು ಕಾಲ ಕೋಶಗಳು ಏನೂ ಆಗದೆ, ಏನಾದರೂ ಆಗುವ ಶಕ್ತಿ ಉಳಿಸಿಕೊಂಡು, ಎರಡಾಗಿ ನಾಲ್ಕಾಗಿ ಬೆಳೆಯುತ್ತಲೇ ಇರುತ್ತವೆ. ಇಲಿಯಲ್ಲಿ ಇದನ್ನು 1981ರಲ್ಲಿ ಕೇಂಬ್ರಿಜ್‌ನ ಮಾರ್ಟಿನ್ ಇವಾನ್ಸ್ ಮತ್ತು ಮ್ಯಾಥ್ಯೂ ಕಾಫ್‌ಮನ್, ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗೇಲ್ ಮಾರ್ಟಿನ್ ಮಾಡಿ ತೋರಿಸಿದರು.

ತಟ್ಟೆಯಲ್ಲಿರುವ ಕೋಶ ನಿಜವಾಗಿಯೂ ಏನು ಬೇಕಾದರೂ ಆಗಬಲ್ಲದು ಎಂದು ಹೇಗೆ ನಂಬುವುದು? ಅದನ್ನು ಮತ್ತೆ ಬೇರೊಂದು ಭ್ರೂಣದೊಳಕ್ಕೆ ಬಿಟ್ಟು ನೋಡಬೇಕು. ಸ್ಟೆಮ್ ಸೆಲ್ ಹಾಕಿ ಕೈಮೆರಾ ಮಾಡುವುದು ಈ ಪರೀಕ್ಷೆಗಾಗಿ. ನಾನು ಬಹಳ ವರ್ಷ ಈ ಕೆಲಸವನ್ನು ಇಲಿಗಳಲ್ಲಿ ಮಾಡಿದವನು, ಹಾಗಾಗಿ ಕೈ ಹೇಗೆ ಓಡುತ್ತದೆಂದು ಹೇಳುತ್ತೇನೆ. ಸೂಕ್ಷ್ಮದರ್ಶಕದ ಕೆಳಗೆ ಎಡಗಡೆ ಮೊಂಡು ತುದಿಯ ಗಾಜಿನ ಕೊಳವೆ. ಸ್ವಲ್ಪವೇ ಹೀರಿದರೆ ಮೂರೂವರೆ ದಿನದ ಭ್ರೂಣ ಅದರ ಬಾಯಿಗೆ ಬಂದು ಕೂರುತ್ತದೆ. ಬಲಗಡೆ ಚೂಪು ಕೊಳವೆ, ಅದರೊಳಗೆ ಸ್ಟೆಮ್ ಸೆಲ್‌ಗಳು ಒಂದರ ಹಿಂದೆ ಒಂದು, ದಾರದಲ್ಲಿ ಪೋಣಿಸಿದ ಮಣಿಗಳಂತೆ ಸಾಲಾಗಿ ನಿಂತಿರುತ್ತವೆ. ಗುಳ್ಳೆಯ ಗೋಡೆಯಲ್ಲಿ ಎರಡು ಕೋಶಗಳ ನಡುವಿನ ಸಂದು ಹುಡುಕಿ ಒಂದೇ ಸಲ ಒಳಕ್ಕೆ ನುಗ್ಗಬೇಕು, ತಡೆದರೆ ಗೋಡೆ ಹರಿಯುತ್ತದೆ. ಹತ್ತು ಹದಿನೈದು ಕೋಶ ಬಿಟ್ಟು ಕೊಳವೆ ಹಿಂದೆಗೆದರೆ ಗುಳ್ಳೆ ಗಾಳಿ ಹೋದ ಬಲೂನಿನಂತೆ ಕುಸಿಯುತ್ತದೆ. ಮೊದಲ ಸಲ ನೋಡಿದಾಗ ಕೊಂದುಬಿಟ್ಟೆನೆಂದೇ ಅಂದುಕೊಂಡಿದ್ದೆ. 37 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ ಒಂದೆರಡು ಗಂಟೆ ಬಿಟ್ಟು ನೋಡಿದರೆ ಮತ್ತೆ ದುಂಡಗೆ ಉಬ್ಬಿ ನಿಂತಿರುತ್ತದೆ.

ಆ ಭ್ರೂಣಗಳನ್ನು ಸಾಕುತಾಯಿ ಇಲಿಯ ಗರ್ಭಕ್ಕೆ ಸೇರಿಸಿ ಕಾಯುವುದು. ನಾನು ಕಪ್ಪು ಇಲಿಯ ಭ್ರೂಣಕ್ಕೆ ಕಂದು ಇಲಿಯ ಕೋಶ ಹಾಕಿದ್ದೆ. ಮರಿಗಳು ಹುಟ್ಟಿದಾಗ ಬೆತ್ತಲೆ ಗುಲಾಬಿ ಬಣ್ಣ, ಏನೂ ತಿಳಿಯುವುದಿಲ್ಲ. ಒಂದು ವಾರ ಕಳೆದು ರೋಮ ಮೂಡಿದಾಗ ಒಂದು ಮರಿಯ ಬೆನ್ನ ಮೇಲೆ ಕಂದು ಪಟ್ಟೆಗಳು ಎದ್ದಿದ್ದವು, ಕಪ್ಪು ಕಂಬಳಿಗೆ ಕಂದು ಉಣ್ಣೆಯ ಎಳೆ ಹಾಕಿದಂತೆ. ತಟ್ಟೆಯಲ್ಲಿ ತಿಂಗಳುಗಟ್ಟಲೆ ಬೆಳೆಸಿದ ಕೋಶಗಳು ಚರ್ಮವಾಗಿ, ರೋಮವಾಗಿ ಓಡಾಡುತ್ತಿದ್ದವು. ಆ ಮರಿಯನ್ನು ಅಂಗೈಯಲ್ಲಿ ಇಟ್ಟುಕೊಂಡ ಕ್ಷಣ ಇವತ್ತಿಗೂ ನೆನಪಿದೆ.

ಹೀಗೆ ಸೇರಿದ ಕೋಶಗಳು ಮರಿಯ ವೃಷಣಕ್ಕೂ ಹೋಗಿ ವೀರ್ಯಾಣುಗಳಾದರೆ, ಮುಂದಿನ ತಲೆಮಾರಿನ ಮರಿಗಳು ಪೂರ್ತಿ ಆ ಕೋಶದ ಸಂತಾನವೇ ಆಗುತ್ತವೆ. 1984ರಲ್ಲಿ ಕೇಂಬ್ರಿಜ್ ತಂಡ ಇದನ್ನು ಸಾಧಿಸಿತು. ಅಂದರೆ ತಟ್ಟೆಯಲ್ಲಿರುವಾಗಲೇ ಕೋಶದ ಜೀನ್ ಒಂದನ್ನು ಕೆಡಿಸಿ, ಸರಿಯಾಗಿ ಕೆಟ್ಟಿದೆಯೇ ಎಂದು ಪರೀಕ್ಷಿಸಿ, ಆಮೇಲೆ ಅದರಿಂದ ಇಲಿಯ ವಂಶವನ್ನೇ ಕಟ್ಟಬಹುದು. ಮನುಷ್ಯರ ಕಾಯಿಲೆಗಳ ಬಗ್ಗೆ ಕಳೆದ ನಾಲ್ಕು ದಶಕಗಳಲ್ಲಿ ನಾವು ಕಲಿತದ್ದರಲ್ಲಿ ಎಷ್ಟೋ ಪಾಲು ಹೀಗೆ ಒಂದೊಂದು ಜೀನ್ ಕೆಡಿಸಿದ ಇಲಿಗಳಿಂದ ಬಂದದ್ದು. ಇವಾನ್ಸ್, ಮಾರಿಯೊ ಕಪೆಕಿ, ಆಲಿವರ್ ಸ್ಮಿಥೀಸ್ ಮೂವರಿಗೆ 2007ರ ನೊಬೆಲ್ ಬಂದದ್ದು ಇದಕ್ಕೇ.

ಇಲಿಯಲ್ಲಿ ಇಷ್ಟು ಚೆನ್ನಾಗಿ ನಡೆದದ್ದು ಕೋತಿಯಲ್ಲಿ ನಡೆಯಲು ಯಾಕೆ ನಲವತ್ತು ವರ್ಷ ಬೇಕಾಯಿತು? ವಿಸ್ಕಾನ್ಸಿನ್‌ನ ಜೇಮ್ಸ್ ಥಾಮ್ಸನ್ ರೀಸಸ್ ಕೋತಿಯ ಸ್ಟೆಮ್ ಸೆಲ್‌ಗಳನ್ನು 1995ರಲ್ಲೇ ಬೆಳೆಸಿದ್ದರು, ಮನುಷ್ಯನವನ್ನು 1998ರಲ್ಲಿ. ಕೋಶ ಇತ್ತು, ಭ್ರೂಣ ಇತ್ತು, ಚುಚ್ಚುವ ಕೈ ಇತ್ತು. ಆದರೂ ಒರೆಗಾನ್‌ನ ಪ್ರೈಮೇಟ್ ಕೇಂದ್ರದಲ್ಲಿ ಶೌಖ್ರತ್ ಮಿತಾಲಿಪೊವ್ ತಂಡ ಚುಚ್ಚಿದ ಕೋಶಗಳು ಕೋತಿಯ ಭ್ರೂಣದಲ್ಲಿ ಸೇರಿಕೊಳ್ಳಲೇ ಇಲ್ಲ. ಕೊನೆಗೆ ಅವರು ಸ್ಟೆಮ್ ಸೆಲ್ ಬಿಟ್ಟು, ನಾಲ್ಕು ಕೋಶದ ಹಂತದ ಎಳೆಯ ಭ್ರೂಣಗಳನ್ನೇ, ಒಟ್ಟಿಗೆ ಆರರವರೆಗೆ, ಒಂದಕ್ಕೊಂದು ಅಂಟಿಸಿದರು. ಅದು ಕೂಡಿಕೊಂಡಿತು. 2012ರಲ್ಲಿ ಸುದ್ದಿಯಾದ ರೋಕು, ಹೆಕ್ಸ್, ಕೈಮೆರೊ ಎಂಬ ಮೂರು ಮರಿಗಳು ಜಗತ್ತಿನ ಮೊದಲ ಲ್ಯಾಬ್ ಕೈಮೆರಾ ಕೋತಿಗಳು. ರೋಕು ಎಂದರೆ ಜಪಾನಿ ಭಾಷೆಯಲ್ಲಿ ಆರು, ಹೆಕ್ಸ್ ಎಂದರೆ ಗ್ರೀಕಿನಲ್ಲಿ ಆರು. ಆ ಪ್ರಬಂಧದಲ್ಲಿ ನನ್ನನ್ನು ಹೆಚ್ಚು ಸೆಳೆದದ್ದು ಇನ್ನೊಂದು ಸಂಗತಿ. ಒಂದು ಬ್ಲಾಸ್ಟೊಸಿಸ್ಟಿನ ಒಳಗಂಟನ್ನು ಹಾಗೇ ಎತ್ತಿ ಇನ್ನೊಂದರೊಳಗೆ ಇಟ್ಟಾಗ ಎರಡೂ ಬೆರೆಯಲಿಲ್ಲ, ಒಂದೇ ಮಾಸಿನ ಆಸರೆಯಲ್ಲಿ ಎರಡು ಬೇರೆ ಬೇರೆ ಭ್ರೂಣಗಳಾಗಿ ಬೆಳೆದವು. ಆ ಹೊತ್ತಿಗೆ ಕೋತಿಯ ಕೋಶಗಳು "ನಾವು ಒಂದು ಮನೆ" ಎಂದು ತೀರ್ಮಾನಿಸಿಯಾಗಿರುತ್ತವೆ.

ಕಾರಣ ಹೊತ್ತಿನದು. ನಿಮ್ಮ ಮನೆಯಲ್ಲಿ ಗದ್ದೆ ಇದ್ದರೆ ಥಟ್ಟನೆ ಅರ್ಥವಾಗುತ್ತದೆ. ಒಟ್ಲುಪಾತಿಯಿಂದ ಭತ್ತದ ಪೈರನ್ನು ಎಳೆಯದಾಗಿರುವಾಗ ಕಿತ್ತು ನೆಟ್ಟರೆ ತೆಂಡೆ ಒಡೆಯುತ್ತದೆ. ಮಳೆ ತಡವಾಗಿ ಪೈರು ಬಲಿತ ಮೇಲೆ ನೆಟ್ಟರೆ, ಅದೇ ಬೀಜ, ಅದೇ ಗದ್ದೆ, ಆದರೂ ತೆಂಡೆ ಬರುವುದಿಲ್ಲ. ಇಲಿಯ ಸ್ಟೆಮ್ ಸೆಲ್ ತಟ್ಟೆಯಲ್ಲಿ ಎಳೆಯದಾಗಿಯೇ ಉಳಿಯುತ್ತದೆ, ಆದ್ದರಿಂದ ಎಳೆಯ ಭ್ರೂಣದಲ್ಲಿ ಸಲೀಸಾಗಿ ಬೆರೆಯುತ್ತದೆ. ಕೋತಿಯದೂ ಮನುಷ್ಯನದೂ ಹಾಗಲ್ಲ. ಬ್ಲಾಸ್ಟೊಸಿಸ್ಟಿನಿಂದಲೇ ತೆಗೆದರೂ ತಟ್ಟೆಯಲ್ಲಿ ಅವು ಕೆಲವು ದಿನ ಮುಂದಕ್ಕೆ ಸರಿದು, ಗರ್ಭಗೋಡೆಗೆ ಅಂಟಿದ ಮೇಲಿನ ಭ್ರೂಣದ ಕೋಶದಂತೆ ಬಲಿತುಬಿಡುತ್ತವೆ. ಅದನ್ನು ಎಳೆಯ ಭ್ರೂಣಕ್ಕೆ ಹಾಕಿದರೆ ಸುತ್ತಲಿನ ಕೋಶಗಳ ಮಾತು ಇದಕ್ಕೆ ತಿಳಿಯದು, ಸಾಯುತ್ತದೆ. ಶಾಂಘೈ ತಂಡ ಗೆದ್ದದ್ದು ಇಲ್ಲಿ. ಕೋಶವನ್ನು ಎಳೆಯದಾಗಿಯೇ ಹಿಡಿದಿಡುವ ಹೊಸ ಪೋಷಕ ದ್ರಾವಣವನ್ನು ಅವರು ಬಳಸಿದರು, ಹಾಕುವ ಭ್ರೂಣವನ್ನೂ ನಾಲ್ಕೈದು ದಿನದ ಎಳೆಯದನ್ನೇ ಆರಿಸಿಕೊಂಡರು.

ಫಲ ಏನಾಯಿತು ಎನ್ನುವ ಲೆಕ್ಕವನ್ನು ಸುದ್ದಿಗಳು ಕೊನೆಯ ಸಾಲಿಗೆ ತಳ್ಳುತ್ತವೆ, ನಾನು ಅದನ್ನು ಮುಂದಿಡುತ್ತೇನೆ. ಉದ್ದಬಾಲದ ಮಕಾಕ್ ಕೋತಿಗಳ 74 ಭ್ರೂಣಗಳನ್ನು 40 ಹೆಣ್ಣುಕೋತಿಗಳ ಗರ್ಭಕ್ಕೆ ಸೇರಿಸಿದರು. 12 ಗರ್ಭ ಕಟ್ಟಿತು. 6 ಮರಿ ಜೀವಂತ ಹುಟ್ಟಿದವು. ಅವುಗಳಲ್ಲಿ ಹೊರಗಿನ ಕೋಶ ಗಣನೀಯವಾಗಿ ಸೇರಿದ್ದು ಒಂದೇ ಮರಿಯಲ್ಲಿ, ಜೊತೆಗೆ ಗರ್ಭಪಾತವಾದ ಒಂದು ಭ್ರೂಣದಲ್ಲಿ. ಆ ಮರಿಯ 26 ಬಗೆಯ ಅಂಗಾಂಶಗಳನ್ನು ಪರೀಕ್ಷಿಸಿದಾಗ ಸ್ಟೆಮ್ ಸೆಲ್‌ನಿಂದ ಬಂದ ಪಾಲು ಶೇ. 21ರಿಂದ 92ರವರೆಗೆ ಇತ್ತು, ಸರಾಸರಿ ಶೇ. 67. ಮಿದುಳು, ಹೃದಯ, ಮೂತ್ರಪಿಂಡ, ಪಿತ್ತಜನಕಾಂಗ, ಮುಂದೆ ವೀರ್ಯಾಣು ಆಗಬೇಕಾದ ಕೋಶಗಳು, ಎಲ್ಲದರಲ್ಲೂ. ಅರ್ಧಕ್ಕಿಂತ ಹೆಚ್ಚು ಪಾಲು ತಟ್ಟೆಯ ಕೋಶಗಳಿಂದ ಕಟ್ಟಿದ ಮೈ ಅದು. ವಿಜ್ಞಾನದ ದೃಷ್ಟಿಯಿಂದ ಇದು ದೊಡ್ಡ ಗೆಲುವು, ಅನುಮಾನವೇ ಇಲ್ಲ. ಮರಿಗೆ ಉಸಿರಾಟದ ತೊಂದರೆ ಶುರುವಾಯಿತು, ಮೈಬಿಸಿ ನಿಲ್ಲಲಿಲ್ಲ. ಹತ್ತನೇ ದಿನ ಅದಕ್ಕೆ ದಯಾಮರಣ ಕೊಟ್ಟರು.

ಆ ಹಸಿರು ಹೊಳಪಿನ ಬಗ್ಗೆ ಒಂದು ಮಾತು. ಅದು ರೋಗವಲ್ಲ, ನೋವೂ ಅಲ್ಲ. ಲೋಳೆಮೀನೊಂದರಿಂದ ಪಡೆದ ಹಸಿರು ಪ್ರೋಟೀನಿನ ಜೀನನ್ನು ಸ್ಟೆಮ್ ಸೆಲ್‌ಗಳಿಗೆ ಮೊದಲೇ ಸೇರಿಸಿರುತ್ತಾರೆ. ನೀಲಿ ಬೆಳಕು ಬಿಟ್ಟರೆ ಆ ಕೋಶಗಳು ಮಾತ್ರ ಹಸಿರಾಗಿ ಕಾಣುತ್ತವೆ. ದನದ ಮೇಲೆ ಹಾಕುವ ಗುರುತಿನಂತೆ ಅದು, ಯಾವ ಕೋಶ ಎಲ್ಲಿಗೆ ಹೋಯಿತೆಂದು ತಿಳಿಯಲು.

ಕೋತಿಯಲ್ಲೇ ಯಾಕೆ ಎಂದು ಕೇಳಿದ್ದೀರಿ. ಪಾರ್ಕಿನ್‌ಸನ್, ಹಂಟಿಂಗ್ಟನ್‌ನಂಥ ಮಿದುಳಿನ ಕಾಯಿಲೆಗಳಲ್ಲಿ ಇಲಿಯಿಂದ ಕಲಿತದ್ದು ಆಸ್ಪತ್ರೆಯವರೆಗೆ ತಲುಪದೆ ಮತ್ತೆ ಮತ್ತೆ ಸೋತಿದೆ. ಇಲಿಯ ಮಿದುಳಿನ ಹೊರಪದರ ನುಣ್ಣಗೆ, ನಮ್ಮದು, ಮಕಾಕ್‌ಗಳದು ಮಡಿಕೆ ಮಡಿಕೆ. ಇಲಿಯ ಆಯಸ್ಸು ಎರಡು ಮೂರು ವರ್ಷ. ನಿಧಾನವಾಗಿ, ವರ್ಷಾನುಗಟ್ಟಲೆ ನರಕೋಶ ಸಾಯುವ ಕಾಯಿಲೆಯನ್ನು ಅಷ್ಟರೊಳಗೆ ತೋರಿಸಲಾಗದು. ಕ್ರಿಸ್ಪರ್ ಎಂಬ ಜೀನ್ ಕತ್ತರಿಯಿಂದ ಕೋತಿಯ ಭ್ರೂಣವನ್ನೇ ನೇರವಾಗಿ ತಿದ್ದಬಹುದಲ್ಲ ಎಂದು ನೀವು ಕೇಳಬಹುದು. 2014ರಿಂದ ತಿದ್ದುತ್ತಿದ್ದಾರೆ. ಆದರೆ ಎಲ್ಲ ಕೋಶದಲ್ಲೂ ತಿದ್ದುಪಡಿ ಒಂದೇ ರೀತಿ ಆಗುವುದಿಲ್ಲ, ಮರಿ ಹುಟ್ಟಿದ ಮೇಲಷ್ಟೇ ಏನಾಗಿದೆ ಎಂದು ತಿಳಿಯುವುದು. ಸ್ಟೆಮ್ ಸೆಲ್ ದಾರಿಯಲ್ಲಿ ತಿದ್ದಿದ ಕೋಶವನ್ನು ತಟ್ಟೆಯಲ್ಲೇ ಪೂರ್ತಿ ಪರೀಕ್ಷಿಸಿ ಮುಂದೆ ಹೋಗಬಹುದು. ಇದು ಆ ದಾರಿಯ ಪರವಾದ ಗಟ್ಟಿ ವಾದ.

ವಿರುದ್ಧದ ಲೆಕ್ಕವೂ ಅಷ್ಟೇ ಗಟ್ಟಿಯಿದೆ. ಇಲಿ 20 ದಿನಕ್ಕೆ ಹೆರುತ್ತದೆ, ಆರೇಳು ಮರಿ ಹಾಕುತ್ತದೆ, ಆ ಮರಿ ಎರಡು ತಿಂಗಳಿಗೆ ಪ್ರಾಯಕ್ಕೆ ಬರುತ್ತದೆ. ಮಕಾಕ್ ಐದೂವರೆ ತಿಂಗಳು ಹೊತ್ತು ಒಂದೇ ಮರಿ ಹೆರುತ್ತದೆ, ಆ ಮರಿ ಪ್ರಾಯಕ್ಕೆ ಬರಲು ಮೂರರಿಂದ ಐದು ವರ್ಷ. ಕೈಮೆರಾದ ಮುಂದಿನ ತಲೆಮಾರಿನಲ್ಲೇ ಶುದ್ಧ ವಂಶ ಸಿಗುವುದು ಎಂದೆನಲ್ಲ, ಅಲ್ಲಿಗೆ ಮುಟ್ಟುವಷ್ಟರಲ್ಲಿ ಎಷ್ಟು ತಾಯಿಕೋತಿಗಳು ಎಷ್ಟು ಸಲ ಹಾರ್ಮೋನ್ ಚುಚ್ಚಿಸಿಕೊಳ್ಳಬೇಕು, ಅಂಡಾಣು ತೆಗೆಸಿಕೊಳ್ಳಬೇಕು, ಗರ್ಭಪಾತ ಅನುಭವಿಸಬೇಕು? ಈ ಉದ್ದಬಾಲದ ಮಕಾಕ್ ಕಾಡಿನಲ್ಲಿ ಹೇರಳವಾಗಿರುವ ಪ್ರಾಣಿಯೂ ಅಲ್ಲ. 2022ರಲ್ಲಿ ಅದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದ್ದಾರೆ. 40 ತಾಯಂದಿರು, ಕೊನೆಗೆ ಒಂದು ಮರಿ, ಹತ್ತು ದಿನ. ನಿಮ್ಮ ಅಜ್ಜಿಯ ಪ್ರಶ್ನೆಯ ನಿಜವಾದ ತೂಕ ನನಗೆ ಕಾಣುವುದು ಇಲ್ಲಿ. ಬೇರೆ ಯಾವ ದಾರಿಯಿಂದಲೂ ಉತ್ತರ ಸಿಗದ, ಒಂದು ನಿರ್ದಿಷ್ಟ ಕಾಯಿಲೆಯ ಪ್ರಶ್ನೆ ಎದುರಿಗಿದ್ದರೆ ಮಾತ್ರ ಇದಕ್ಕೆ ಕೈಹಾಕಬೇಕು ಎಂಬುದು ನನ್ನ ನಿಲುವು. "ಆಗುತ್ತದೆಯೋ ನೋಡೋಣ" ಎಂಬುದು ಇಲಿಯ ವಿಷಯದಲ್ಲೇ ತೆಳುವಾದ ಕಾರಣ, ಮರಿಯನ್ನು ಎದೆಗವಚಿಕೊಂಡು ತಿಂಗಳುಗಟ್ಟಲೆ ಸಾಕುವ ಪ್ರಾಣಿಯ ವಿಷಯದಲ್ಲಿ ಸಾಲುವುದೇ ಇಲ್ಲ.

ಇನ್ನು 2021ರ ಆ ಪ್ರಯೋಗ. ಚೀನಾದ ಕುನ್‌ಮಿಂಗ್‌ನ ತಾನ್ ತಾವೊ, ಜಿ ವೀಝಿ, ಅಮೆರಿಕದ ಸಾಲ್ಕ್ ಸಂಸ್ಥೆಯಲ್ಲಿದ್ದ ಹುವಾನ್ ಕಾರ್ಲೊಸ್ ಇಝ್‌ಪಿಸುವಾ ಬೆಲ್ಮಾಂಟೆ ಸೇರಿ ಮಾಡಿದ್ದು. ಆರು ದಿನದ 132 ಕೋತಿ ಭ್ರೂಣಗಳಿಗೆ ಒಂದೊಂದಕ್ಕೆ 25ರಂತೆ ಮನುಷ್ಯನ ಕೋಶಗಳನ್ನು ಚುಚ್ಚಿದರು. ಹತ್ತನೇ ದಿನಕ್ಕೆ 103 ಭ್ರೂಣ ಬದುಕಿದ್ದವು, 19ನೇ ದಿನಕ್ಕೆ ಉಳಿದದ್ದು 3. ಅಲ್ಲಿಗೆ ನಿಲ್ಲಿಸಿದರು. ಅವರ ಉದ್ದೇಶ ಕೋತಿಮನುಷ್ಯನನ್ನು ಮಾಡುವುದಾಗಿರಲಿಲ್ಲ. ಮನುಷ್ಯನ ಅಂಗಗಳನ್ನು ಹಂದಿಯಲ್ಲಿ ಬೆಳೆಸುವ ಕನಸಿದೆ. ದೊಡ್ಡಿಲಿಯ, ಅಂದರೆ ನಾವು ಲ್ಯಾಬಿನಲ್ಲಿ ರ್‍ಯಾಟ್ ಎನ್ನುವುದರ, ಮೇದೋಜೀರಕ ಗ್ರಂಥಿಯನ್ನು ಚಿಟ್ಟಿಲಿಯೊಳಗೆ ಬೆಳೆಸಿ ಜಪಾನಿನ ಹಿರೋಮಿತ್ಸು ನಕಾವುಚಿ ತಂಡ 2010ರಲ್ಲೇ ದಾರಿ ತೋರಿಸಿತ್ತು. ಆದರೆ ಮನುಷ್ಯನ ಕೋಶ ಹಂದಿಯ ಭ್ರೂಣದಲ್ಲಿ ನಿಲ್ಲುವುದೇ ಕಷ್ಟ. 2017ರಲ್ಲಿ ಬೆಲ್ಮಾಂಟೆ ತಂಡಕ್ಕೆ ಸಿಕ್ಕಿದ್ದು ಲಕ್ಷ ಕೋಶಕ್ಕೆ ಒಂದರಷ್ಟು. ಹಂದಿಗೂ ನಮಗೂ ನಡುವೆ ಒಂಬತ್ತು ಕೋಟಿ ವರ್ಷಗಳಷ್ಟು ದೂರ, ಮಕಾಕ್‌ಗೂ ನಮಗೂ ಎರಡೂವರೆ ಮೂರು ಕೋಟಿ. ಹತ್ತಿರದ ನೆಂಟನಲ್ಲಿ ಕೋಶಗಳು ಹೇಗೆ ಮಾತಾಡಿಕೊಳ್ಳುತ್ತವೆ ಎಂದು ಕೇಳಿಸಿಕೊಂಡು, ದೂರದ ನೆಂಟನಿಗೆ ಅದನ್ನು ಕಲಿಸಬಹುದೇ ಎಂದು ನೋಡುತ್ತಿದ್ದರು. ಹಂದಿಯ ದಾರಿಯೂ ಅಲ್ಲೇ ನಿಂತಿಲ್ಲ. 2023ರಲ್ಲಿ ಗ್ವಾಂಗ್‌ಝೌ ತಂಡವೊಂದು ಮೂತ್ರಪಿಂಡ ಕಟ್ಟುವ ಎರಡು ಜೀನ್‌ಗಳನ್ನು ಹಂದಿಯ ಭ್ರೂಣದಿಂದ ತೆಗೆದು, ಆ ಖಾಲಿ ಜಾಗಕ್ಕೆ ಮನುಷ್ಯನ ಕೋಶ ಬಿಟ್ಟು, ನಾಲ್ಕು ವಾರದ ಭ್ರೂಣದಲ್ಲಿ ಅರ್ಧಕ್ಕೂ ಹೆಚ್ಚು ಮನುಷ್ಯಕೋಶದ ಎಳೆಯ ಮೂತ್ರಪಿಂಡವನ್ನು ಕಂಡಿತು.

ತಟ್ಟೆಯೊಳಗೆ, ಇಷ್ಟೇ ದಿನ ಎಂದು ಮೊದಲೇ ಗೆರೆ ಹಾಕಿಕೊಂಡು ಮಾಡಿದ ಕುನ್‌ಮಿಂಗ್ ಪ್ರಯೋಗವನ್ನು ನಾನು ತಪ್ಪೆನ್ನುವುದಿಲ್ಲ. ಅದೇ ಭ್ರೂಣವನ್ನು ತಾಯಿಕೋತಿಯ ಗರ್ಭಕ್ಕೆ ಇಡುವುದನ್ನು ಖಂಡಿತ ಒಪ್ಪುವುದಿಲ್ಲ. ಎಳೆಯ ಭ್ರೂಣಕ್ಕೆ ಬಿಟ್ಟ ಕೋಶ ಎಲ್ಲಿಗೆ ಹೋಗುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಶಾಂಘೈ ಮರಿಯಲ್ಲಿ ಅದು ಮಿದುಳಿಗೂ ಹೋಯಿತು, ವೀರ್ಯಾಣುವಿನ ಮೂಲಕ್ಕೂ ಹೋಯಿತು. ಅಲ್ಲಿ ಕೋತಿಯ ಕೋಶವಿತ್ತು, ಚಿಂತೆಯಿರಲಿಲ್ಲ. ಆ ಜಾಗದಲ್ಲಿ ಮನುಷ್ಯನ ಕೋಶವನ್ನು ಊಹಿಸಿಕೊಳ್ಳಿ. ಮಿದುಳಿನ ಮುಕ್ಕಾಲು ಭಾಗ ಮನುಷ್ಯನ ನರಕೋಶವಿರುವ ಪ್ರಾಣಿಗೆ ಏನು ಅನ್ನಿಸುತ್ತದೆ, ಅದಕ್ಕೆ ನಾವೇನು ಬಾಕಿ ಇದ್ದೇವೆ? ಪಂಜರದ ಬಾಗಿಲು ಹಾಕುವ ಹಕ್ಕು ಯಾರಿಗಿದೆ? ಉತ್ತರ ಗೊತ್ತಾಗುವ ಮೊದಲೇ ಅಂಥ ಜೀವ ಹುಟ್ಟಿಸಿದರೆ ಪ್ರಶ್ನೆಯ ಭಾರವನ್ನು ಆ ಜೀವವೇ ಹೊರಬೇಕು.

ಕಾನೂನುಗಳು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ 2009ರಿಂದಲೇ ಮನುಷ್ಯ ಸ್ಟೆಮ್ ಸೆಲ್‌ಗಳನ್ನು ಕೋತಿಯ ಬ್ಲಾಸ್ಟೊಸಿಸ್ಟಿಗೆ ಹಾಕುವ ಕೆಲಸಕ್ಕೆ ಹಣ ಕೊಡುವುದಿಲ್ಲ. ಜಪಾನ್ 2019ರಲ್ಲಿ ತನ್ನ ನಿಯಮ ಸಡಿಲಿಸಿತು. ಸ್ಟೆಮ್ ಸೆಲ್ ವಿಜ್ಞಾನಿಗಳ ಅಂತರರಾಷ್ಟ್ರೀಯ ಸಂಘದ 2021ರ ಮಾರ್ಗಸೂಚಿ ಪ್ರಕಾರ ಮನುಷ್ಯ ಮತ್ತು ಪ್ರಾಣಿಯ ಕೋಶ ಬೆರೆತ ಭ್ರೂಣವನ್ನು ಮನುಷ್ಯರ ಅಥವಾ ಚಿಂಪಾಂಜಿ, ಗೊರಿಲ್ಲಾದಂಥ ವಾನರಗಳ ಗರ್ಭಕ್ಕೆ ಸೇರಿಸುವಂತಿಲ್ಲ. ಆ ಗೆರೆಯನ್ನು ಮಕಾಕ್‌ಗಳಿಗೂ ಎಳೆಯಬೇಕಿತ್ತು ಎಂದು ನನ್ನ ಅಭಿಪ್ರಾಯ.

ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿ ಇದೆ. ಮನುಷ್ಯ ಭ್ರೂಣವನ್ನು 14 ದಿನಕ್ಕಿಂತ ಹೆಚ್ಚು ತಟ್ಟೆಯಲ್ಲಿ ಬೆಳೆಸುವಂತಿಲ್ಲ. ಮನುಷ್ಯ ಸ್ಟೆಮ್ ಸೆಲ್ ಹಾಕಿದ ಪ್ರಾಣಿಗಳನ್ನು ಸಂತಾನಕ್ಕೆ ಬಿಡುವಂತಿಲ್ಲ. ಕೋತಿಯ ಮೇಲೆ ಯಾವ ಪ್ರಯೋಗಕ್ಕೂ ಕಾಲೇಜಿನ ಸಮಿತಿಯ ಒಪ್ಪಿಗೆ ಸಾಲದು, ಕೇಂದ್ರ ಸಮಿತಿಯವರೆಗೆ ಹೋಗಬೇಕು. ಬೆಂಗಳೂರಿಗೆ ಈ ವಿಷಯದಲ್ಲಿ ತನ್ನದೇ ಇತಿಹಾಸವಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಅವರು ನಮ್ಮೂರಿನ ಮಂಗವನ್ನೇ, ಗುಡಿ ಬೆಟ್ಟಗಳಲ್ಲಿ ಕೈಯಿಂದ ಬಾಳೆಹಣ್ಣು ಕಿತ್ತುಕೊಳ್ಳುತ್ತದಲ್ಲ ಅದೇ ಬಾನೆಟ್ ಮಕಾಕನ್ನು, ಇಟ್ಟುಕೊಂಡು ಸಂತಾನೋತ್ಪತ್ತಿಯ ಹಾರ್ಮೋನುಗಳ ಮೇಲೆ ದಶಕಗಳ ಕಾಲ ಕೆಲಸ ಮಾಡಿದರು. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಮನೀಷಾ ಇನಾಂದಾರ್ ತಂಡ, ಚಿಕಿತ್ಸೆಗೆ ಬಾರದೆಂದು ಬಿಟ್ಟ ಭ್ರೂಣಗಳಿಂದ ಎರಡು ಮನುಷ್ಯ ಸ್ಟೆಮ್ ಸೆಲ್ ತಳಿಗಳನ್ನು ಬೆಳೆಸಿತು. ಇನ್ನೊಂದು ಸಂಗತಿಯನ್ನು ಅಜ್ಜಿಗೆ ಹೇಳಿ: ಒಂದು ಕಾಲದಲ್ಲಿ ಜಗತ್ತಿನ ಲ್ಯಾಬುಗಳಿಗೆ ರೀಸಸ್ ಕೋತಿಗಳು ಹೋಗುತ್ತಿದ್ದದ್ದು ಭಾರತದಿಂದಲೇ, ಲಕ್ಷಗಟ್ಟಲೆ. 1978ರಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರ ಆ ರಫ್ತನ್ನು ನಿಲ್ಲಿಸಿತು.

ನಿಮ್ಮ ಕಾಲೇಜಿನ ಲ್ಯಾಬಿನಲ್ಲಿ 24, 33, 48 ಗಂಟೆಯ ಕೋಳಿ ಭ್ರೂಣದ ಸ್ಲೈಡುಗಳಿರುತ್ತವೆ. ಪರೀಕ್ಷೆಗೆ ಚಿತ್ರ ಬಿಡಿಸಿ ಪಕ್ಕಕ್ಕಿಡಬೇಡಿ. 1969ರಲ್ಲಿ ಫ್ರಾನ್ಸಿನ ನಿಕೋಲ್ ಲ ದುವಾರಾಂ ಇಂಥದೇ ವಯಸ್ಸಿನ ಕೋಳಿ ಭ್ರೂಣದೊಳಗೆ ಕೌಜುಗದ ಕೋಶಗಳನ್ನು ಕಸಿ ಮಾಡಿ, ಅವುಗಳ ಕೇಂದ್ರದಲ್ಲಿ ಎದ್ದು ಕಾಣುವ ಕಪ್ಪು ಚುಕ್ಕೆಯ ಗುರುತಿನಿಂದಲೇ ಯಾವ ಕೋಶ ನರವಾಯಿತು, ಯಾವುದು ಚರ್ಮದ ಬಣ್ಣವಾಯಿತು ಎಂದು ಹಿಂಬಾಲಿಸಿದರು. ಆಗ ಹಸಿರು ಪ್ರೋಟೀನಿನ ಗುರುತೂ ಇರಲಿಲ್ಲ, ಭ್ರೂಣದಿಂದ ತೆಗೆದು ತಟ್ಟೆಯಲ್ಲಿ ಬೆಳೆಸಿದ ಸ್ಟೆಮ್ ಸೆಲ್ಲೂ ಇರಲಿಲ್ಲ. 33 ಗಂಟೆಯ ಸ್ಲೈಡಿನಲ್ಲಿ ನರಕೊಳವೆಯ ಎರಡು ಅಂಚುಗಳು ಮೇಲೆ ಕೂಡುವ ಜಾಗವನ್ನು ಹುಡುಕಿ. ಅವರು ಕಸಿ ಮಾಡಿದ್ದು ಅಲ್ಲಿ.